ಸಾಫ್ಟ್‌ವೇರ್ ಸಂಸ್ಥೆಗಳು ಪಕ್ವತೆಯ ಮಟ್ಟಗಳನ್ನು ಏರುವುದು ಹೇಗೆ: ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಸಾಫ್ಟ್‌ವೇರ್ ಸಂಸ್ಥೆಯ ಕೆಲಸದ ಕ್ರಮ ಎಷ್ಟು ಪಕ್ವವಾಗಿದೆ ಎಂದು ಐದು ಮಟ್ಟಗಳಲ್ಲಿ ಅಳೆಯುವ ಸಿಎಂಎಂಐ ಎಂಬ ಮಾದರಿಯ ಬಗ್ಗೆ ಓದುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು ಮೂರು. ನಮ್ಮ ಸಂಸ್ಥೆ ಎಷ್ಟನೆಯ ಮಟ್ಟದಲ್ಲಿದೆ ಎಂದು ತಿಳಿಯುವುದು ಹೇಗೆ? ಎರಡನೆಯ ಮಟ್ಟವನ್ನು ದಾಟಿ ನೇರವಾಗಿ ಮೂರಕ್ಕೆ ಹೋಗಬಹುದೇ? ಮಟ್ಟ ಸಿಕ್ಕಿದ ಮೇಲೂ ಬಗ್‌ಗಳು (ತಂತ್ರಾಂಶದ ದೋಷಗಳು) ಕಡಿಮೆಯಾಗಲಿಲ್ಲ, ಗಡುವುಗಳು ತಪ್ಪುವುದು ನಿಲ್ಲಲಿಲ್ಲ, ಏಕೆ?

ಮೂರಕ್ಕೂ ಉತ್ತರ ಒಂದೇ ಕಡೆಯಿಂದ ಹೊರಡುತ್ತದೆ. ಒಂದು ತಂಡದ ನಿಜವಾದ ಮಟ್ಟ ತಿಳಿಯಬೇಕಾದರೆ ಬಿಡುಗಡೆಗೆ ಮೊದಲಿನ ವಾರ ಅಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ಆ ವಾರವೂ ಕೋಡ್ ಪರಿಶೀಲನೆ ನಡೆಯುತ್ತಿದ್ದರೆ, ಬದಲಾವಣೆಗಳಿಗೆ ಒಪ್ಪಿಗೆ ಪಡೆಯುತ್ತಿದ್ದರೆ, ಪರೀಕ್ಷೆಗಳನ್ನು ಬಿಡದೆ ಓಡಿಸುತ್ತಿದ್ದರೆ ಆ ಕ್ರಮ ತಂಡದ್ದಾಗಿದೆ. ಒತ್ತಡ ಬಂದ ಕೂಡಲೇ ಎಲ್ಲವನ್ನೂ ಬದಿಗಿಟ್ಟು ಇಬ್ಬರು ಜಾಣರು ರಾತ್ರಿಯಿಡೀ ಕುಳಿತು ಕೆಲಸ ಮುಗಿಸುತ್ತಿದ್ದರೆ, ಗೋಡೆಯ ಮೇಲೆ ಯಾವ ಅಂಕಿ ತೂಗುಹಾಕಿದ್ದರೂ ಆ ತಂಡ ಮೊದಲನೆಯ ಮಟ್ಟದಲ್ಲೇ ಇದೆ. ಈ ಲೇಖನದ ಪ್ರತಿಯೊಂದು ಹೆಜ್ಜೆಯನ್ನೂ ಈ ಅಳತೆಗೋಲಿನಿಂದಲೇ ನೋಡಿ.

ಈ ಮಟ್ಟಗಳು ಬಂದದ್ದೆಲ್ಲಿಂದ

ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1984ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಸಾಫ್ಟ್‌ವೇರ್ ಗುತ್ತಿಗೆಗಳು ತಡವಾಗುತ್ತಿದ್ದವು, ವೆಚ್ಚ ಮೀರುತ್ತಿತ್ತು. ಗುತ್ತಿಗೆ ಕೊಡುವ ಮೊದಲೇ ಒಂದು ಸಂಸ್ಥೆಯ ಸಾಮರ್ಥ್ಯವನ್ನು ಅಳೆಯುವ ಬಗೆ ಇಲಾಖೆಗೆ ಬೇಕಾಗಿತ್ತು. ಐಬಿಎಂನಲ್ಲಿ ದೀರ್ಘ ಕಾಲ ಕೆಲಸ ಮಾಡಿ 1986ರಲ್ಲಿ ಅಲ್ಲಿಗೆ ಬಂದ ವಾಟ್ಸ್ ಹಂಫ್ರಿ ಅವರು ಐದು ಮಟ್ಟಗಳ ಚೌಕಟ್ಟನ್ನು ರೂಪಿಸಿದರು. ಗುಣಮಟ್ಟ ನಿರ್ವಹಣೆಯೂ ಮೆಟ್ಟಿಲು ಮೆಟ್ಟಿಲಾಗಿ ಪಕ್ವವಾಗುತ್ತದೆ ಎಂಬ ವಿಚಾರವನ್ನು ಗುಣಮಟ್ಟ ತಜ್ಞ ಫಿಲಿಪ್ ಕ್ರಾಸ್ಬಿ 1979ರಲ್ಲೇ ಮಂಡಿಸಿದ್ದರು. 1991ರಲ್ಲಿ ಸಾಫ್ಟ್‌ವೇರ್‌ಗಾಗಿಯೇ ಕೇಪಬಿಲಿಟಿ ಮೆಚ್ಯೂರಿಟಿ ಮಾಡೆಲ್, ಅಂದರೆ ಸಿಎಂಎಂ, ಪ್ರಕಟವಾಯಿತು. ಮುಂದೆ ಬೇರೆ ಬೇರೆ ಮಾದರಿಗಳನ್ನು ಒಂದುಗೂಡಿಸಿ 2000ದಲ್ಲಿ ಕೇಪಬಿಲಿಟಿ ಮೆಚ್ಯೂರಿಟಿ ಮಾಡೆಲ್ ಇಂಟಿಗ್ರೇಶನ್, ಅಂದರೆ ಸಿಎಂಎಂಐ, ಬಂತು. 2016ರಿಂದ ಅದು ಐಸಾಕಾ ಎಂಬ ಮಾಹಿತಿ ತಂತ್ರಜ್ಞಾನ ವೃತ್ತಿಪರರ ಸಂಸ್ಥೆಯ ಕೈಯಲ್ಲಿದೆ. 2018ರಲ್ಲಿ ಎರಡನೆಯ, 2023ರಲ್ಲಿ ಮೂರನೆಯ ಪ್ರಮುಖ ಆವೃತ್ತಿ ಹೊರಬಂದಿವೆ.

ಐದು ಮಟ್ಟಗಳ ಸಾರ ಹೀಗಿದೆ.

ಮೊದಲನೆಯದು ಆರಂಭಿಕ ಮಟ್ಟ. ಕೆಲಸ ಆಗುತ್ತದೆ, ಆದರೆ ವ್ಯಕ್ತಿಗಳ ಬಲದಿಂದ. ಅವರು ಹೋದರೆ ಜ್ಞಾನವೂ ಅವರೊಂದಿಗೇ ಹೋಗುತ್ತದೆ. ಎರಡನೆಯದು ನಿರ್ವಹಿತ ಮಟ್ಟ. ಪ್ರತಿ ಪ್ರಾಜೆಕ್ಟ್‌ಗೂ ಯೋಜನೆಯಿದೆ, ಹಿಂದೆ ಗೆದ್ದ ಬಗೆಯಲ್ಲೇ ಮತ್ತೆ ಗೆಲ್ಲಬಹುದು. ಹಳೆಯ ಮಾದರಿ ಇದನ್ನು ಪುನರಾವರ್ತನೀಯ ಮಟ್ಟ ಎಂದು ಕರೆಯುತ್ತಿತ್ತು. ಮೂರನೆಯ ಮಟ್ಟದಲ್ಲಿ ಇಡೀ ಸಂಸ್ಥೆಗೆ ಒಂದು ಸಾಮಾನ್ಯ ಕ್ರಮವಿರುತ್ತದೆ, ಪ್ರತಿ ಪ್ರಾಜೆಕ್ಟ್ ಅದನ್ನು ತನ್ನ ಅಳತೆಗೆ ಹೊಂದಿಸಿಕೊಳ್ಳುತ್ತದೆ. ನಾಲ್ಕನೆಯದರಲ್ಲಿ ಕೆಲಸದ ಏರಿಳಿತವನ್ನು ಅಂಕಿಗಳಿಂದ ಅರಿತು ಮುನ್ನಂದಾಜು ಮಾಡಲಾಗುತ್ತದೆ. ಐದನೆಯದರಲ್ಲಿ ಆ ಅಂಕಿಗಳ ಆಧಾರದ ಮೇಲೆ ಕ್ರಮವನ್ನೇ ಸತತವಾಗಿ ತಿದ್ದಲಾಗುತ್ತದೆ.

ಸಿಎಂಎಂಐನ 2010ರ 1.3ನೆಯ ಆವೃತ್ತಿಯ ಅಭಿವೃದ್ಧಿ ಮಾದರಿಯಲ್ಲಿ ಒಟ್ಟು 22 ಪ್ರಕ್ರಿಯಾ ಕ್ಷೇತ್ರಗಳಿದ್ದವು. ಪ್ರಕ್ರಿಯಾ ಕ್ಷೇತ್ರ ಎಂದರೆ ಒಂದೇ ಉದ್ದೇಶಕ್ಕೆ ಸೇರಿದ ಅಭ್ಯಾಸಗಳ ಗುಂಪು. ಎರಡನೆಯ ಮಟ್ಟಕ್ಕೆ 7, ಮೂರಕ್ಕೆ 11, ನಾಲ್ಕು ಮತ್ತು ಐದಕ್ಕೆ ತಲಾ 2. ಹೊಸ ಆವೃತ್ತಿಗಳಲ್ಲಿ ಈ ಗುಂಪುಗಳು ಬದಲಾಗಿವೆ, ಆದರೆ ತೂಕ ಎಲ್ಲಿದೆ ಎಂಬುದು ಬದಲಾಗಿಲ್ಲ: ಶ್ರಮದ ಬಹುಪಾಲು ಎರಡು ಮತ್ತು ಮೂರನೆಯ ಮಟ್ಟಗಳಲ್ಲಿದೆ. ಹಾಗಾಗಿ ಈ ಮಾರ್ಗದರ್ಶಿಯೂ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಹೊರಡುವ ಮೊದಲು ಬೇಕಾದವು

ಮೊದಲನೆಯದಾಗಿ, ನಿರ್ಧಾರದ ಅಧಿಕಾರವಿರುವ ಒಬ್ಬ ಹಿರಿಯರು ನಿಮ್ಮ ಬೆನ್ನಿಗಿರಬೇಕು. ಹಣ ಮಂಜೂರು ಮಾಡಿದರಷ್ಟೇ ಸಾಲದು. ಗಡುವು ಮತ್ತು ಕ್ರಮದ ನಡುವೆ ಜಗ್ಗಾಟ ಬಂದಾಗ "ಪರಿಶೀಲನೆ ಮುಗಿಸಿಯೇ ಬಿಡುಗಡೆ ಮಾಡಿ, ಗ್ರಾಹಕರೊಡನೆ ನಾನು ಮಾತನಾಡುತ್ತೇನೆ" ಎಂದು ಹೇಳಬಲ್ಲವರಾಗಿರಬೇಕು. ಅಂಥವರು ಸಿಗದಿದ್ದರೆ ಇಡೀ ಸಂಸ್ಥೆಯ ಮಾತು ಬಿಟ್ಟು ನಿಮ್ಮ ತಂಡದೊಳಗೆ ಮಾತ್ರ ಆರಂಭಿಸಿ. ಅದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದಾಗಿ, ಸುಧಾರಣೆಯ ಕೆಲಸ ನೋಡಿಕೊಳ್ಳುವ ಸಣ್ಣ ಗುಂಪು ಬೇಕು. ಉದ್ಯಮದಲ್ಲಿ ಇದಕ್ಕೆ ಪ್ರೋಸೆಸ್ ಗ್ರೂಪ್ ಎನ್ನುತ್ತಾರೆ. ಇದರಲ್ಲಿ ದಿನವೂ ಕೋಡ್ ಬರೆಯುವವರು, ಪರೀಕ್ಷೆ ಮಾಡುವವರು ಇರಲೇಬೇಕು. ಕೆಲಸ ಮಾಡದವರು ಕೆಲಸದ ಕ್ರಮ ಬರೆದರೆ ಅದು ಕಪಾಟು ಸೇರುತ್ತದೆ. ಅವರ ಸಮಯವನ್ನು ಯೋಜನೆಯಲ್ಲೇ ಕಾದಿರಿಸಿ. "ಬಿಡುವಾದಾಗ ಮಾಡಿ" ಎಂದರೆ ಆ ಬಿಡುವು ಎಂದಿಗೂ ಬರುವುದಿಲ್ಲ.

ಮೂರನೆಯದು ತಾಳ್ಮೆ. ಒಂದು ಮಟ್ಟದಿಂದ ಇನ್ನೊಂದಕ್ಕೆ ಹೋಗಲು ವಾರಗಳು ಸಾಲುವುದಿಲ್ಲ. ಹೊಸ ಅಭ್ಯಾಸವೊಂದು ಕನಿಷ್ಠ ಒಂದು ಪ್ರಾಜೆಕ್ಟನ್ನು ಆರಂಭದಿಂದ ಬಿಡುಗಡೆಯವರೆಗೆ ನೋಡದೆ ಊರಿದೆ ಎಂದು ಹೇಳಲಾಗದು. ಮೂರು ತಿಂಗಳಲ್ಲಿ ಮೂರನೆಯ ಮಟ್ಟ ಕೊಡಿಸುತ್ತೇವೆ ಎನ್ನುವ ಸಲಹೆಗಾರರನ್ನು ದೂರವಿಡಿ.

ಹೆಜ್ಜೆ 1: ಈಗಿರುವ ಸ್ಥಿತಿಯನ್ನು ಇದ್ದಂತೆಯೇ ಬರೆಯಿರಿ

ಕೊನೆಯ ಮೂರು ಪ್ರಾಜೆಕ್ಟ್‌ಗಳನ್ನು ಆರಿಸಿ. ಚೆನ್ನಾಗಿ ಆದದ್ದೊಂದು, ಕೆಟ್ಟದ್ದೊಂದು, ಸಾಧಾರಣವಾದದ್ದೊಂದು ಇರಲಿ. ಪ್ರತಿಯೊಂದಕ್ಕೂ ಈ ಪ್ರಶ್ನೆಗಳನ್ನು ಕೇಳಿ.

ಗ್ರಾಹಕರು ಕೇಳಿದ್ದು ಏನೆಂದು ಒಂದೇ ಕಡೆ ಬರೆದಿತ್ತೇ? ನಡುವೆ ಅದು ಬದಲಾದಾಗ ಗಡುವು, ವೆಚ್ಚದ ಲೆಕ್ಕವೂ ಬದಲಾಯಿತೇ? ಅಂದಾಜು ಮಾಡಿದ ದಿನಗಳೆಷ್ಟು, ಹಿಡಿದ ದಿನಗಳೆಷ್ಟು? ಆರು ತಿಂಗಳ ಹಿಂದೆ ಕೊಟ್ಟ ಆವೃತ್ತಿಯನ್ನು ಇವತ್ತು ಮತ್ತೆ ಅದೇ ರೂಪದಲ್ಲಿ ಕಟ್ಟಿ ಕೊಡಬಲ್ಲಿರಾ? ಬಗ್‌ಗಳು ಸಿಕ್ಕಿದ್ದು ನಿಮ್ಮ ಕೈಗೋ, ಬಳಕೆದಾರರ ಕೈಗೋ? ಮುಖ್ಯ ಎಂಜಿನಿಯರ್ ಎರಡು ವಾರ ರಜೆ ಹೋದರೆ ಏನು ನಿಲ್ಲುತ್ತದೆ?

ಉತ್ತರಗಳನ್ನು ವ್ಯವಸ್ಥಾಪಕರಿಂದ ಮಾತ್ರ ಪಡೆಯಬೇಡಿ. ಅವರು ಹೇಳುವುದು ಹೇಗೆ ನಡೆಯಬೇಕೆಂದು. ಕೋಡ್ ಬರೆಯುವವರು ಹೇಳುವುದು ಹೇಗೆ ನಡೆಯುತ್ತದೆಂದು. ಎರಡರ ನಡುವಿನ ಅಂತರವೇ ನಿಮ್ಮ ಮುಂದಿನ ಕೆಲಸದ ಪಟ್ಟಿ.

ಇಲ್ಲೊಂದು ಎಚ್ಚರಿಕೆ. ಯಾರು ಏನು ಹೇಳಿದರು ಎಂಬುದು ವರದಿಯಲ್ಲಿ ಬರಬಾರದು. ಒಮ್ಮೆ ಹೆಸರು ಹೊರಬಿದ್ದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ, ನೀವು ಕುರುಡರಾಗಿ ನಡೆಯಬೇಕಾಗುತ್ತದೆ.

ಹೆಜ್ಜೆ 2: ಹೆಚ್ಚು ನೋಯುವ ಜಾಗದಿಂದ ಆರಂಭಿಸಿ

ಮಾದರಿಯ ಪುಸ್ತಕ ತೆರೆದು ಮೊದಲ ಪುಟದಿಂದ ಜಾರಿಗೆ ತರಲು ಹೊರಡುವುದು ತುಂಬ ಸಾಮಾನ್ಯವಾದ ತಪ್ಪು. ಬದಲಿಗೆ, ಹೆಜ್ಜೆ 1ರಲ್ಲಿ ಕಂಡ ತೊಂದರೆಗಳಲ್ಲಿ ಹೆಚ್ಚು ಹಣ, ನಿದ್ದೆ, ಗ್ರಾಹಕರ ವಿಶ್ವಾಸ ತಿನ್ನುತ್ತಿರುವ ಒಂದೋ ಎರಡನ್ನೋ ಆರಿಸಿ. ನಂತರ ಅದಕ್ಕೆ ಹೊಂದುವ ಅಭ್ಯಾಸಗಳನ್ನು ಮಾದರಿಯಲ್ಲಿ ಹುಡುಕಿ. ಗ್ರಾಹಕರ ಅಗತ್ಯಗಳು ವಾರಕ್ಕೊಮ್ಮೆ ಬದಲಾಗಿ ತಂಡ ಬಸವಳಿದಿದ್ದರೆ ಅಗತ್ಯಗಳ ನಿರ್ವಹಣೆ ಮೊದಲು. ಸರಿಪಡಿಸಿದ ಬಗ್ ಮುಂದಿನ ಬಿಡುಗಡೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿದ್ದರೆ ಆವೃತ್ತಿಗಳ ಹಿಡಿತ ಮೊದಲು.

ಗುರಿಯನ್ನು ಕೆಲಸದ ಭಾಷೆಯಲ್ಲಿ ಬರೆಯಿರಿ. "ಡಿಸೆಂಬರ್‌ಗೆ ಎರಡನೆಯ ಮಟ್ಟ" ಎಂಬ ಗುರಿ ಕಾಗದಪತ್ರವನ್ನು ಹುಟ್ಟಿಸುತ್ತದೆ. "ಬಿಡುಗಡೆಯ ನಂತರದ ಮೊದಲ ತಿಂಗಳಲ್ಲಿ ಬರುವ ದೂರುಗಳು ಅರ್ಧವಾಗಬೇಕು" ಎಂಬ ಗುರಿ ಕೆಲಸವನ್ನು ಬದಲಿಸುತ್ತದೆ.

ಹೆಜ್ಜೆ 3: ಎರಡನೆಯ ಮಟ್ಟದ ಅಡಿಪಾಯ ಹಾಕಿ

ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

*ಅಗತ್ಯಗಳು.* ಗ್ರಾಹಕರ ಪ್ರತಿ ಬೇಡಿಕೆಗೂ ಒಂದು ಸಂಖ್ಯೆ ಕೊಡಿ. ಅದು ಯಾವ ಕೋಡ್‌ನಲ್ಲಿ ಈಡೇರಿತು, ಯಾವ ಪರೀಕ್ಷೆಯಲ್ಲಿ ಖಾತ್ರಿಯಾಯಿತು ಎಂದು ಎಳೆ ಹಿಡಿದು ಹೋಗುವಂತಿರಲಿ. ಈ ಎಳೆಗೆ ಟ್ರೇಸೆಬಿಲಿಟಿ ಎನ್ನುತ್ತಾರೆ. ಬದಲಾವಣೆ ಬಂದಾಗ "ಆಯಿತು, ಮಾಡುತ್ತೇವೆ" ಎನ್ನುವ ಮೊದಲು ಆ ಎಳೆ ಹಿಡಿದು ಏನೇನು ಅಲುಗಾಡುತ್ತದೆ ಎಂದು ನೋಡಿ, ದಿನಗಳ ಲೆಕ್ಕ ಹೇಳಿ, ಒಪ್ಪಿಗೆ ಪಡೆಯಿರಿ. ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ಎಲ್ಲರೂ ನೋಡುವ ಒಂದು ಸ್ಪ್ರೆಡ್‌ಶೀಟ್ ಸಾಕು, ಆದರೆ ಅದು ಒಂದೇ ಇರಬೇಕು.

*ಯೋಜನೆ ಮತ್ತು ಅಂದಾಜು.* ಅಂದಾಜಿನ ಜೊತೆ ಅದರ ಆಧಾರವನ್ನೂ ಬರೆಯಿರಿ: ಎಷ್ಟು ಪರದೆಗಳು, ಎಷ್ಟು ವರದಿಗಳು, ಹಿಂದಿನ ಯಾವ ಕೆಲಸದಂತಿದೆ. ಮುಗಿದ ಮೇಲೆ ನಿಜವಾಗಿ ಹಿಡಿದ ಸಮಯವನ್ನು ಪಕ್ಕದಲ್ಲೇ ಬರೆಯಿರಿ. ಹತ್ತು ದಿನ ಎಂದದ್ದು ಪ್ರತಿ ಬಾರಿಯೂ ಹದಿನಾರಾಗುತ್ತಿದ್ದರೆ ಆ ಅನುಪಾತವೇ ನಿಮ್ಮ ಅತ್ಯಂತ ಬೆಲೆಬಾಳುವ ಮಾಹಿತಿ. ಮೇಲಿನವರು ಮೊದಲೇ ದಿನಾಂಕ ಹೇಳಿ "ಇದಕ್ಕೆ ಹೊಂದುವಂತೆ ಯೋಜನೆ ಬರೆಯಿರಿ" ಎಂದರೆ ಅದು ಯೋಜನೆಯಾಗದು. ದಿನಾಂಕ ಗಟ್ಟಿಯಾಗಿದ್ದರೆ ಕೆಲಸದ ಗಾತ್ರವನ್ನು ಇಳಿಸುವ ಮಾತು ಆಗಲೇಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಲು ಸಾಧ್ಯ.

*ಮೇಲ್ವಿಚಾರಣೆ.* ವಾರಕ್ಕೊಮ್ಮೆ ಯೋಜನೆಯನ್ನೂ ವಾಸ್ತವವನ್ನೂ ಅಕ್ಕಪಕ್ಕ ಇಟ್ಟು ನೋಡಿ. "ಶೇಕಡ 90ರಷ್ಟು ಮುಗಿದಿದೆ" ಎಂಬ ಮಾತನ್ನು ಸ್ವೀಕರಿಸಬೇಡಿ. ಮುಗಿದಿದೆ ಅಥವಾ ಮುಗಿದಿಲ್ಲ, ಎರಡೇ ಉತ್ತರ. ಕೆಲಸವನ್ನು ಎರಡು ಮೂರು ದಿನಗಳ ತುಂಡುಗಳಾಗಿ ಒಡೆದರೆ ಇದು ಸಾಧ್ಯವಾಗುತ್ತದೆ.

*ಕಾನ್ಫಿಗರೇಶನ್ ನಿರ್ವಹಣೆ.* ಹೆಸರು ಭಾರವಾಗಿದ್ದರೂ ಅರ್ಥ ಸರಳ: ಯಾವುದರ ಯಾವ ಆವೃತ್ತಿ ಎಲ್ಲಿದೆ, ಯಾರು ಏಕೆ ಬದಲಿಸಿದರು ಎಂಬುದು ಯಾವಾಗಲೂ ತಿಳಿದಿರಬೇಕು. ಕೋಡ್‌ಗೆ ಇದನ್ನು ಈಗ ಬಹುತೇಕ ಎಲ್ಲರೂ ಮಾಡುತ್ತಾರೆ. ಆದರೆ ಅಗತ್ಯಗಳ ಪಟ್ಟಿ, ವಿನ್ಯಾಸ, ಪರೀಕ್ಷೆಯ ದತ್ತಾಂಶ, ಸರ್ವರ್‌ನ ಸೆಟ್ಟಿಂಗ್‌ಗಳನ್ನು ಮರೆಯುತ್ತಾರೆ. ಬೇಸ್‌ಲೈನ್ ಎಂಬ ಪದ ಇಲ್ಲಿ ಬರುತ್ತದೆ. ಇಲ್ಲಿಯವರೆಗಿನದು ಎಲ್ಲರಿಗೂ ಒಪ್ಪಿಗೆ, ಇನ್ನು ಮುಂದೆ ಕೇಳದೆ ಬದಲಿಸುವಂತಿಲ್ಲ ಎಂದು ಗುರುತು ಹಾಕಿದ ಪ್ರತಿಯೇ ಬೇಸ್‌ಲೈನ್.

*ಗುಣಮಟ್ಟದ ಖಾತ್ರಿ.* ಇದನ್ನು ಪರೀಕ್ಷೆಯೊಂದಿಗೆ ಬೆರೆಸಬೇಡಿ. ಪರೀಕ್ಷೆ ತಂತ್ರಾಂಶವನ್ನು ನೋಡುತ್ತದೆ. ಒಪ್ಪಿಕೊಂಡ ಕ್ರಮದಲ್ಲಿ ಕೆಲಸ ನಡೆಯುತ್ತಿದೆಯೇ ಎಂದು ನೋಡುವುದು ಗುಣಮಟ್ಟದ ಖಾತ್ರಿ. ಆ ಪ್ರಾಜೆಕ್ಟ್‌ಗೆ ಸೇರದವರು ಇದನ್ನು ಮಾಡಬೇಕು. ಸಣ್ಣ ಸಂಸ್ಥೆಯಲ್ಲಿ ಎರಡು ತಂಡಗಳು ಒಂದನ್ನೊಂದು ನೋಡಬಹುದು. ನೋಡುವವರು ಪೊಲೀಸರಂತೆ ನಡೆದುಕೊಂಡರೆ ಎಲ್ಲ ಕೆಡುತ್ತದೆ. ಒಂದು ಕ್ರಮವನ್ನು ಮೂರು ತಂಡಗಳು ಪಾಲಿಸುತ್ತಿಲ್ಲ ಎಂದು ಕಂಡರೆ ಮೊದಲು ಆ ಕ್ರಮವನ್ನೇ ಅನುಮಾನಿಸಬೇಕು.

*ಅಳತೆ.* ಏನನ್ನು ಅಳೆಯಬೇಕು ಎಂಬುದಕ್ಕೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವಿಕ್ಟರ್ ಬೆಸಿಲಿ ಅವರು ಬೆಳೆಸಿದ ಗುರಿ, ಪ್ರಶ್ನೆ, ಅಳತೆ ಎಂಬ ವಿಧಾನ ಇವತ್ತಿಗೂ ಉತ್ತಮ. ಗುರಿ ಏನು, ಅದು ಈಡೇರುತ್ತಿದೆ ಎಂದು ತಿಳಿಯಲು ಯಾವ ಪ್ರಶ್ನೆ ಕೇಳಬೇಕು, ಆ ಪ್ರಶ್ನೆಗೆ ಯಾವ ಅಂಕಿ ಉತ್ತರಿಸುತ್ತದೆ, ಈ ಅನುಕ್ರಮದಲ್ಲಿ ಇಳಿಯಿರಿ. ಆರಂಭಕ್ಕೆ ನಾಲ್ಕು ಅಳತೆಗಳು ಸಾಕು: ಕೆಲಸದ ಗಾತ್ರ, ಹಿಡಿದ ಶ್ರಮ, ಅಂದಾಜಿಗೂ ವಾಸ್ತವಕ್ಕೂ ಇರುವ ವ್ಯತ್ಯಾಸ, ದೋಷಗಳ ಸಂಖ್ಯೆ ಮತ್ತು ಅವು ಸಿಕ್ಕಿದ ಹಂತ.

ಈ ಅಂಕಿಗಳನ್ನು ಯಾರ ವಾರ್ಷಿಕ ಮೌಲ್ಯಮಾಪನಕ್ಕೂ ಎಂದಿಗೂ ಬಳಸಬೇಡಿ. ಯಾರ ಕೋಡ್‌ನಲ್ಲಿ ಎಷ್ಟು ಬಗ್ ಎಂದು ಸಂಬಳದ ಮಾತಿನಲ್ಲಿ ಒಮ್ಮೆ ಎತ್ತಿದರೆ, ಮರುದಿನದಿಂದ ಬಗ್‌ಗಳು ದಾಖಲಾಗುವುದೇ ನಿಲ್ಲುತ್ತದೆ. ಬಗ್‌ಗಳು ಹಾಗೇ ಇರುತ್ತವೆ, ನಿಮಗೆ ಕಾಣುವುದಿಲ್ಲ ಅಷ್ಟೆ. ಇದೊಂದು ತಪ್ಪಿನಿಂದ ವರ್ಷಗಳ ಶ್ರಮ ನೀರಿನಲ್ಲಿ ಹೋಮವಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಏಳನೆಯದು ಹೊರಗಿನಿಂದ ಕೊಳ್ಳುವ ಅಥವಾ ಹೊರಗೆ ಮಾಡಿಸುವ ಕೆಲಸದ ನಿರ್ವಹಣೆ. ನಿಮ್ಮಲ್ಲಿ ಅದು ಇಲ್ಲದಿದ್ದರೆ ಬಿಟ್ಟುಬಿಡಿ.

ಹೆಜ್ಜೆ 4: ಎರಡು ಪ್ರಾಜೆಕ್ಟ್‌ಗಳಲ್ಲಿ ಪ್ರಯೋಗ ಮಾಡಿ, ಒಂದು ಗಡುವನ್ನು ದಾಟಿಸಿ

ಹೊಸ ಕ್ರಮವನ್ನು ಸುತ್ತೋಲೆ ಹೊರಡಿಸಿ ಎಲ್ಲೆಡೆ ಒಂದೇ ದಿನ ಜಾರಿಗೆ ತರಬೇಡಿ. ಆಗತಾನೇ ಆರಂಭವಾಗುತ್ತಿರುವ ಎರಡು ಪ್ರಾಜೆಕ್ಟ್‌ಗಳನ್ನು ಆರಿಸಿ. ಅರ್ಧಕ್ಕೆ ಬಂದಿರುವುದು ಬೇಡ. ಆರಾಮಾಗಿರುವ ಪ್ರಾಜೆಕ್ಟ್ ಕೂಡ ಬೇಡ, ಏಕೆಂದರೆ ಅಲ್ಲಿ ಯಾವ ಕ್ರಮವಾದರೂ ನಡೆಯುತ್ತದೆ. ಪ್ರೋಸೆಸ್ ಗ್ರೂಪ್‌ನ ಒಬ್ಬರು ಆ ತಂಡದ ಜೊತೆಗೇ ಕುಳಿತು ಎಲ್ಲಿ ಕೈ ತಡೆಯುತ್ತದೆ ಎಂದು ಗಮನಿಸಲಿ.

ಬಿಡುಗಡೆಗೆ ಮೊದಲಿನ ವಾರ ಯಾವ ಯಾವ ಅಭ್ಯಾಸಗಳು ಉದುರಿದವು ಎಂದು ಪಟ್ಟಿ ಮಾಡಿ. ಉದುರಿದ್ದಕ್ಕೆ ಕಾರಣ ಎರಡರಲ್ಲೊಂದು: ಅದು ಆ ಕೆಲಸಕ್ಕೆ ಬೇಕಿರಲಿಲ್ಲ, ಅಥವಾ ಬೇಕಿತ್ತು ಆದರೆ ಮಾಡಲು ತೊಡಕಾಗಿತ್ತು. ಮೊದಲನೆಯದನ್ನು ತೆಗೆದುಹಾಕಿ. ಎರಡನೆಯದನ್ನು ಸುಲಭಗೊಳಿಸಿ. ಹನ್ನೆರಡು ಪುಟದ ಪರಿಶೀಲನಾ ನಮೂನೆ ಅರ್ಧ ಪುಟಕ್ಕೆ ಇಳಿಯಬಹುದು, ಕೈಯಿಂದ ಓಡಿಸುತ್ತಿದ್ದ ಪರೀಕ್ಷೆಯನ್ನು ಯಂತ್ರಕ್ಕೆ ವಹಿಸಬಹುದು. ಜನರನ್ನು ದೂರುವುದು ಈ ಹೆಜ್ಜೆಯಲ್ಲಿ ನಿಷಿದ್ಧ.

ಹೆಜ್ಜೆ 5: ಪ್ರಾಜೆಕ್ಟ್‌ಗಳಲ್ಲಿ ಕಲಿತದ್ದನ್ನು ಸಂಸ್ಥೆಯದ್ದಾಗಿಸಿ

ಎರಡನೆಯ ಮಟ್ಟದಲ್ಲಿ ಪ್ರತಿ ಪ್ರಾಜೆಕ್ಟ್ ತನ್ನದೇ ಬಗೆಯಲ್ಲಿ ಶಿಸ್ತಿನಿಂದಿರಬಹುದು. ಮೂರನೆಯದಕ್ಕೆ ಹೋಗುವುದೆಂದರೆ ಆ ಬಗೆಗಳಲ್ಲಿ ಉತ್ತಮವಾದವನ್ನು ಹೆಕ್ಕಿ ಸಂಸ್ಥೆಯ ಸಾಮಾನ್ಯ ಕ್ರಮವಾಗಿ ಬರೆಯುವುದು. ಹೊರಗಿನಿಂದ ಸಿದ್ಧ ನಮೂನೆಗಳ ಕಟ್ಟು ಕೊಂಡು ತಂದು, ಹೆಸರು ಬದಲಿಸಿ ಇಡುವ ಸಂಸ್ಥೆಗಳು ಎಡವುವುದು ಇಲ್ಲೇ. ಬೇರೆಯವರ ಅಳತೆಗೆ ಹೊಲಿದ ಅಂಗಿ ಅದು. ನಿಮ್ಮ ಎರಡು ಪ್ರಯೋಗಗಳಲ್ಲಿ ಉಳಿದುಬಂದ ಅಭ್ಯಾಸಗಳೇ ನಿಮ್ಮ ಕೈಪಿಡಿಯ ಮೊದಲ ಕರಡು.

ಇದರ ಜೊತೆಗೆ ಟೇಲರಿಂಗ್ ನಿಯಮಗಳು ಬೇಕು, ಅಂದರೆ ಸಾಮಾನ್ಯ ಕ್ರಮವನ್ನು ಯಾವ ಪ್ರಾಜೆಕ್ಟ್ ಎಷ್ಟು ಸಡಿಲಿಸಬಹುದು ಎಂಬ ಒಪ್ಪಂದ. ಇಬ್ಬರು ಮೂರು ವಾರ ಮಾಡುವ ಕೆಲಸಕ್ಕೂ ನಲವತ್ತು ಜನ ಎರಡು ವರ್ಷ ಮಾಡುವ ಕೆಲಸಕ್ಕೂ ಒಂದೇ ಅಳತೆ ಸಲ್ಲದು. ಮೂರು ಗಾತ್ರಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕಡ್ಡಾಯವಾದದ್ದು ಯಾವುದು, ಐಚ್ಛಿಕ ಯಾವುದು ಎಂದು ಒಂದೇ ಪುಟದಲ್ಲಿ ಬರೆಯಿರಿ. ಈ ಪುಟ ಇಲ್ಲದ ಕಡೆ ಜನ ಕದ್ದು ಸಡಿಲಿಸುತ್ತಾರೆ. ಇರುವ ಕಡೆ ಹೇಳಿ ಸಡಿಲಿಸುತ್ತಾರೆ.

1.3ನೆಯ ಆವೃತ್ತಿಯಲ್ಲಿ ಮೂರನೆಯ ಮಟ್ಟದ ಹನ್ನೊಂದು ಕ್ಷೇತ್ರಗಳಲ್ಲಿ ವಿನ್ಯಾಸ, ಜೋಡಣೆ, ಪರೀಕ್ಷೆ, ತರಬೇತಿ, ಅಪಾಯಗಳ ನಿರ್ವಹಣೆ ಎಲ್ಲವೂ ಬರುತ್ತಿದ್ದವು. ಅವುಗಳಲ್ಲಿ ಹೆಚ್ಚು ಫಲ ಕೊಡುವುದು ಯಾವುದು ಎಂದು ಕೇಳಿದರೆ ಸಹೋದ್ಯೋಗಿಗಳಿಂದಲೇ ನಡೆಯುವ ಪರಿಶೀಲನೆ ಎನ್ನುತ್ತೇನೆ. ಐಬಿಎಂನ ಮೈಕಲ್ ಫೇಗನ್ 1976ರಲ್ಲಿ ಇದರ ವ್ಯವಸ್ಥಿತ ರೂಪವನ್ನು ಪ್ರಕಟಿಸಿದರು. ಓದುವವರು ಮೊದಲೇ ಓದಿಕೊಂಡು ಬರಬೇಕು, ಸಭೆಯಲ್ಲಿ ದೋಷ ಹುಡುಕಬೇಕೇ ಹೊರತು ಅಲ್ಲೇ ಸರಿಪಡಿಸಲು ಕೂರಬಾರದು, ಸಿಕ್ಕ ದೋಷಗಳನ್ನು ದಾಖಲಿಸಬೇಕು, ಸರಿಯಾದವೇ ಎಂದು ಕೊನೆಗೆ ಒಬ್ಬರು ನೋಡಬೇಕು. ಈಗ ಬಹುಪಾಲು ತಂಡಗಳು ಪರದೆಯ ಮೇಲೆಯೇ ಪರಿಶೀಲಿಸುತ್ತವೆ, ಅದೂ ಒಳ್ಳೆಯದೇ. ಸಾವಿರ ಸಾಲಿನ ಬದಲಾವಣೆಯನ್ನು ಎರಡು ನಿಮಿಷದಲ್ಲಿ "ಸರಿಯಿದೆ" ಎಂದು ಒಪ್ಪಿದರೆ ಮಾತ್ರ ಅದು ಪರಿಶೀಲನೆ ಎನಿಸದು. ಬದಲಾವಣೆಗಳನ್ನು ಸಣ್ಣದಾಗಿ ಕಳುಹಿಸುವ ನಿಯಮವನ್ನು ಕೈಪಿಡಿಯಲ್ಲೇ ಸೇರಿಸಿ. ಅಗತ್ಯಗಳನ್ನೂ ವಿನ್ಯಾಸವನ್ನೂ ಹೀಗೆಯೇ ಪರಿಶೀಲಿಸಿ. ಕೋಡ್ ಆಗುವ ಮೊದಲೇ ಹಿಡಿದ ದೋಷಕ್ಕೆ ಒಂದು ಸಾಲು ತಿದ್ದಿದರೆ ಸಾಕು.

ದೊಡ್ಡ ತೀರ್ಮಾನಗಳನ್ನು ದಾಖಲಿಸುವ ಅಭ್ಯಾಸವೂ ಇಲ್ಲೇ ಬರುತ್ತದೆ. ಯಾವ ಡೇಟಾಬೇಸ್ ಆರಿಸಿದಿರಿ ಎಂಬುದಕ್ಕಿಂತ, ಇತರ ಯಾವ ಆಯ್ಕೆಗಳಿದ್ದವು, ಅವನ್ನು ಏಕೆ ಬಿಟ್ಟಿರಿ ಎಂಬುದನ್ನು ಬರೆದಿಡಿ. ಎರಡು ವರ್ಷಗಳ ನಂತರ ಹೊಸಬರು ಕೇಳುವುದು ಅದನ್ನೇ.

ಹೆಜ್ಜೆ 6: ಏರಿಳಿತವನ್ನು ಅಂಕಿಗಳಿಂದ ಅರಿಯಿರಿ

ನಾಲ್ಕನೆಯ ಮಟ್ಟ ಎಂದರೆ ಹೆಚ್ಚು ಗ್ರಾಫ್‌ಗಳು ಎಂದು ಅನೇಕರು ತಿಳಿದಿದ್ದಾರೆ. ಇದರ ಹೃದಯದಲ್ಲಿರುವುದು ಒಂದೇ ಪ್ರಶ್ನೆ: ಈ ವಾರದ ಅಂಕಿ ಮಾಮೂಲಿನ ಏರಿಳಿತವೋ, ಏನೋ ವಿಶೇಷವಾಗಿ ನಡೆದ ಸೂಚನೆಯೋ? ಬೆಲ್ ದೂರವಾಣಿ ಸಮೂಹದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಇದಕ್ಕಾಗಿ ನಿಯಂತ್ರಣ ನಕ್ಷೆಯನ್ನು ರೂಪಿಸಿದರು. ಅದನ್ನು ನೀವು ಕೈಯಲ್ಲೇ ಹಾಕಬಹುದು.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಒಂದು ಬಗ್ ದಾಖಲಾಗಿ ಸರಿಯಾಗಲು ಹಿಡಿಯುವ ಸರಾಸರಿ ದಿನಗಳು ಎಂಟು ವಾರಗಳಲ್ಲಿ ಹೀಗಿವೆ: 6, 8, 5, 7, 9, 6, 8, 7. ಇವುಗಳ ಸರಾಸರಿ 7. ಈಗ ಅಕ್ಕಪಕ್ಕದ ವಾರಗಳ ವ್ಯತ್ಯಾಸ ತೆಗೆಯಿರಿ: 2, 3, 2, 2, 3, 2, 1. ಅವುಗಳ ಸರಾಸರಿ ಸುಮಾರು 2.14. ಅದನ್ನು 2.66ರಿಂದ ಗುಣಿಸಿದರೆ 5.7. ಈ 2.66 ಬಿಡಿ ಅಂಕಿಗಳ ನಕ್ಷೆಗೆ ಬಳಸುವ ಸ್ಥಿರಾಂಕ. ಸರಾಸರಿಗೆ 5.7 ಕೂಡಿಸಿದರೆ ಮೇಲಿನ ಮಿತಿ 12.7, ಕಳೆದರೆ ಕೆಳಗಿನ ಮಿತಿ 1.3.

ಇದರ ಅರ್ಥವೇನು? ಮುಂದಿನ ವಾರ 11 ದಿನ ಬಂದರೂ ತಂಡವನ್ನು ಕರೆದು "ಏಕೆ ಹೆಚ್ಚಾಯಿತು" ಎಂದು ಕೇಳುವುದರಲ್ಲಿ ಹುರುಳಿಲ್ಲ. ಅದು ನಿಮ್ಮ ಈಗಿನ ಕ್ರಮದ ಸಹಜ ಏರಿಳಿತದೊಳಗೇ ಇದೆ. 15 ಬಂದರೆ ಕೇಳಿ, ಅಲ್ಲೇನೋ ನಡೆದಿದೆ. ಸಹಜ ಏರಿಳಿತವೇ ಹೆಚ್ಚೆನಿಸಿದರೆ ಬದಲಾಗಬೇಕಾದದ್ದು ಕ್ರಮ. ಆ ವಾರ ಕೆಲಸ ಮಾಡಿದವರನ್ನು ಗದರಿಸಿ ಪ್ರಯೋಜನವಿಲ್ಲ. ಎಂಟು ಅಂಕಿಗಳು ಆರಂಭಕ್ಕೆ ಸಾಕಾದರೂ ಮಿತಿಗಳು ಗಟ್ಟಿಯಾಗಲು ಇಪ್ಪತ್ತರ ಆಸುಪಾಸು ಬೇಕು.

ಎರಡು ಎಚ್ಚರಿಕೆಗಳು. ಎಲ್ಲವನ್ನೂ ಹೀಗೆ ಅಳೆಯಲು ಹೋಗಬೇಡಿ. ನಿಮ್ಮ ಗುರಿಗೆ ನೇರವಾಗಿ ತಾಗುವ ಒಂದೆರಡು ಕೆಲಸಗಳು ಸಾಕು. ಇನ್ನೊಂದು, ಸಣ್ಣ ಬಗ್‌ಗಳನ್ನೂ ದೊಡ್ಡ ಬಗ್‌ಗಳನ್ನೂ, ಹೊಸ ಕೋಡನ್ನೂ ಹಳೆಯದನ್ನೂ ಒಂದೇ ನಕ್ಷೆಯಲ್ಲಿ ಸುರಿಯಬೇಡಿ. ಬೇರೆ ಬೇರೆ ಜಾತಿಯ ಅಂಕಿಗಳು ಬೆರೆತರೆ ಮಿತಿಗಳು ಅಗಲವಾಗಿ ಏನೂ ಕಾಣದಂತಾಗುತ್ತದೆ. ಮೂರನೆಯ ಮಟ್ಟದಲ್ಲಿ ಎಲ್ಲರೂ ಒಂದೇ ಬಗೆಯಲ್ಲಿ ಕೆಲಸ ಮಾಡಿ ಒಂದೇ ಬಗೆಯಲ್ಲಿ ದಾಖಲಿಸಿರದಿದ್ದರೆ ಈ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಮಟ್ಟಗಳನ್ನು ಹಾರಬಾರದು ಎನ್ನುವುದು ಇದಕ್ಕೇ.

ಹೆಜ್ಜೆ 7: ಮೂಲಕಾರಣ ಹುಡುಕಿ ಕ್ರಮವನ್ನೇ ತಿದ್ದಿ

ಐದನೆಯ ಮಟ್ಟದ ಅಭ್ಯಾಸಗಳಲ್ಲಿ ಒಂದನ್ನು ನೀವು ಯಾವ ಮಟ್ಟದಲ್ಲಿದ್ದರೂ ಇವತ್ತೇ ಆರಂಭಿಸಬಹುದು. ತಿಂಗಳಿಗೊಮ್ಮೆ ಬಳಕೆದಾರರ ಕೈಗೆ ಸಿಕ್ಕ ಐದು ದೋಷಗಳನ್ನು ತೆಗೆದುಕೊಂಡು ಎರಡು ಪ್ರಶ್ನೆ ಕೇಳಿ: ಇದು ಹುಟ್ಟಿದ್ದು ಎಲ್ಲಿ, ನಮ್ಮ ಕೈಯಿಂದ ಜಾರಿದ್ದು ಎಲ್ಲಿ? "ಗಮನ ಕೊಡಲಿಲ್ಲ" ಎಂಬ ಉತ್ತರವನ್ನು ಒಪ್ಪಬೇಡಿ. ಗಮನ ತಪ್ಪಿದರೂ ದೋಷ ಹೊರಹೋಗದಂತೆ ತಡೆಯುವುದು ಹೇಗೆ ಎಂಬುದೇ ಪ್ರಶ್ನೆ. ಐದನೆಯ ಮಟ್ಟದ ಸಂಸ್ಥೆ ಇದರ ಜೊತೆಗೆ, ತಿದ್ದುಪಡಿಯ ನಂತರ ನಾಲ್ಕನೆಯ ಮಟ್ಟದ ನಕ್ಷೆ ನಿಜಕ್ಕೂ ಕದಲಿತೇ ಎಂದು ಅಂಕಿಗಳಿಂದ ತೋರಿಸಬಲ್ಲದು.

ಹೆಜ್ಜೆ 8: ಮೌಲ್ಯಮಾಪನಕ್ಕೆ ಹೋಗುವುದಾದರೆ

ಗ್ರಾಹಕರು ಕೇಳದಿದ್ದರೆ ಅಧಿಕೃತ ಮೌಲ್ಯಮಾಪನ ಕಡ್ಡಾಯವೇನಲ್ಲ. ಕೇಳಿದರೆ ಇಷ್ಟು ತಿಳಿದಿರಲಿ.

ಜನ ಇದನ್ನು ಸರ್ಟಿಫಿಕೇಟ್ ಎನ್ನುತ್ತಾರೆ, ಆದರೆ ಇದೊಂದು ಮೌಲ್ಯಾಂಕನ. ಮಾನ್ಯತೆ ಪಡೆದ ಒಬ್ಬ ಮುಖ್ಯ ಮೌಲ್ಯಮಾಪಕರು ತಂಡದೊಂದಿಗೆ ನಿಮ್ಮ ಕೆಲಸದ ಪುರಾವೆಗಳನ್ನು ನೋಡಿ, ಜನರನ್ನು ಮಾತನಾಡಿಸಿ ಮಟ್ಟ ಹೇಳುತ್ತಾರೆ. ಅದು ನೋಡಿದ ಘಟಕಕ್ಕೆ ಮಾತ್ರ ಅನ್ವಯಿಸುತ್ತದೆ, ಇಡೀ ಕಂಪನಿಗಲ್ಲ. ನೀವೇ ಬೇರೊಬ್ಬರಿಗೆ ಕೆಲಸ ಕೊಡುವವರಾದರೆ ಅವರ ಮಟ್ಟ ಯಾವ ಘಟಕಕ್ಕೆ ಸಂದದ್ದು ಎಂದು ಮೊದಲು ಕೇಳಿ. ಪೂರ್ಣ ಪ್ರಮಾಣದ ಮೌಲ್ಯಮಾಪನದ ಫಲಿತಾಂಶಕ್ಕೆ ಮೂರು ವರ್ಷಗಳ ಮಾನ್ಯತೆಯಿದೆ.

ಎರಡನೆಯ ಮಟ್ಟದ ಮೌಲ್ಯಮಾಪನ ಮಾಡಿಸದೆ ನೇರವಾಗಿ ಮೂರಕ್ಕೆ ಮಾಡಿಸಬಹುದು. ಆದರೆ ಆಗಲೂ ಎರಡನೆಯ ಮಟ್ಟದ ಎಲ್ಲ ಅಭ್ಯಾಸಗಳೂ ಇರಲೇಬೇಕು. ಹಾರುವುದು ಪರೀಕ್ಷೆಯನ್ನು ಮಾತ್ರ, ಕೆಲಸವನ್ನಲ್ಲ.

ಕೊನೆಯ ತಿಂಗಳಲ್ಲಿ ಕುಳಿತು ಹಿಂದಿನ ದಿನಾಂಕ ಹಾಕಿ ದಾಖಲೆ ಬರೆಯುವ ಪದ್ಧತಿ ಕೆಲವೆಡೆ ಇದೆ. ದಯವಿಟ್ಟು ಅದಕ್ಕೆ ಇಳಿಯಬೇಡಿ. ಅದು ಸುಳ್ಳು ಎಂಬುದು ಒಂದು ಮಾತಾದರೆ, ಅದರಿಂದ ಆಗುವ ಹಾನಿ ಇನ್ನೊಂದು: ಕ್ರಮವೆಂದರೆ ನಾಟಕ ಎಂದು ನಿಮ್ಮ ಕಿರಿಯ ಎಂಜಿನಿಯರ್‌ಗಳು ಕಲಿಯುತ್ತಾರೆ. ಆ ಪಾಠವನ್ನು ಮರೆಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಪುರಾವೆ ಕಡಿಮೆಯಿದ್ದರೆ ದಿನಾಂಕ ಮುಂದೂಡಿ.

ಇನ್ನೆರಡು ಪ್ರಶ್ನೆಗಳು

ಅಜೈಲ್ ಪದ್ಧತಿಯಲ್ಲಿ, ಅಂದರೆ ತಂತ್ರಾಂಶವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಕಟ್ಟುವ ಬಗೆಯಲ್ಲಿ, ಕೆಲಸ ಮಾಡುವವರಿಗೆ ಇದು ಹೊಂದುತ್ತದೆಯೇ? ಹೊಂದುತ್ತದೆ. ಮಾದರಿ ಹೇಳುವುದು ಏನು ಇರಬೇಕೆಂದು. ಅದನ್ನು ಹೇಗೆ ಮಾಡಬೇಕೆಂಬುದು ನಿಮಗೆ ಬಿಟ್ಟದ್ದು. ಎರಡು ವಾರಗಳ ಸುತ್ತಿನ, ಅಂದರೆ ಸ್ಪ್ರಿಂಟ್‌ನ, ಯೋಜನಾ ಸಭೆಯೂ ಯೋಜನೆಯೇ, ಆದ್ಯತೆಯ ಪಟ್ಟಿಯೂ ಅಗತ್ಯಗಳ ದಾಖಲೆಯೇ, ಸ್ಪ್ರಿಂಟ್ ಮುಗಿದ ಮೇಲಿನ ಹಿನ್ನೋಟದ ಸಭೆಯೂ ಸುಧಾರಣೆಯೇ. ಪ್ರತ್ಯೇಕವಾಗಿ ಕಾಗದ ಹುಟ್ಟಿಸಬೇಕಿಲ್ಲ. ಕೆಲಸದಲ್ಲಿ ತಾನಾಗಿ ಉಳಿಯುವ ಗುರುತುಗಳೇ ಪುರಾವೆ.

ಏಳೆಂಟು ಜನರ ತಂಡ ಏನು ಮಾಡಬೇಕು? ಮಟ್ಟದ ಅಂಕಿಯನ್ನು ಮರೆತು ಹೆಜ್ಜೆ 1, 2 ಮತ್ತು 3 ಮಾಡಿ, ಜೊತೆಗೆ ತಿಂಗಳ ಐದು ದೋಷಗಳ ಸಭೆ ಇಟ್ಟುಕೊಳ್ಳಿ. ಮೊದಲ ವಾರಕ್ಕೆ ಒಂದೇ ಕೆಲಸ: ಆರು ತಿಂಗಳ ಹಿಂದಿನ ನಿಮ್ಮ ಯಾವುದಾದರೂ ಬಿಡುಗಡೆಯನ್ನು ಹೊಸ ಯಂತ್ರವೊಂದರಲ್ಲಿ ಮೊದಲಿನಿಂದ ಕಟ್ಟಲು ಪ್ರಯತ್ನಿಸಿ. ಅದನ್ನು ಮೊದಲು ಕಟ್ಟಿದವರು ದೂರವಿರಲಿ, ಬೇರೊಬ್ಬರು ಕಟ್ಟಲಿ. ಎಲ್ಲೆಲ್ಲಿ ಅವರು ಎದ್ದು ಹೋಗಿ ಇನ್ನೊಬ್ಬರನ್ನು ಕೇಳಬೇಕಾಯಿತು ಎಂದು ಬರೆದಿಡಿ. ನಿಮ್ಮ ಮೊದಲ ಸುಧಾರಣಾ ಪಟ್ಟಿ ಆ ಹಾಳೆಯಲ್ಲಿರುತ್ತದೆ.